ಲೈಬ್ರರಿಯ ಹೊಣೆ ಯಾರದು?

ಲಿನಕ್ಸ್‌ನಲ್ಲಿ ಸಿ ಭಾಷೆ ಕಲಿಯಲು ಹೊರಟವರಿಗೆ ಬಹುಬೇಗ ಎದುರಾಗುವ ತೊಡಕೊಂದಿದೆ. ಬಳಕೆದಾರ ಕೊಟ್ಟ ಸಂಖ್ಯೆಯ ವರ್ಗಮೂಲ ಹೇಳುವ ಹತ್ತು ಸಾಲಿನ ಪ್ರೋಗ್ರಾಂ. ಮ್ಯಾಥ್ ಹೆಡರ್ ಸೇರಿಸಿದೆ, ವ್ಯಾಕರಣದ ತಪ್ಪಿಲ್ಲ. ಆದರೂ ಜಿಸಿಸಿ ಕಂಪೈಲರ್ ಕೊನೆಯ ಗಳಿಗೆಯಲ್ಲಿ ‘ಎಸ್‌ಕ್ಯುಆರ್‌ಟಿ’ ಎಂಬ ಫಂಕ್ಷನ್ ಎಲ್ಲಿದೆಯೋ ಗೊತ್ತಿಲ್ಲ ಎಂದು ನಿಂತುಬಿಡುತ್ತದೆ. ಬಲ್ಲವರು ಕಮಾಂಡಿನ ಕೊನೆಗೆ ‘ಮೈನಸ್ ಎಲ್‌ಎಂ’ ಸೇರಿಸು ಎನ್ನುತ್ತಾರೆ, ಸೇರಿಸಿದರೆ ಕೆಲಸವಾಗುತ್ತದೆ. ಅದೇ ಪ್ರೋಗ್ರಾಂ ಮ್ಯಾಕ್‌ನಲ್ಲಿ ಆ ಬಾಲವಿಲ್ಲದೆ ಓಡುತ್ತದೆ, ವಿಂಡೋಸ್‌ನ ವಿಷುಯಲ್ ಸ್ಟುಡಿಯೋದಲ್ಲೂ ಓಡುತ್ತದೆ. ಇನ್ನೂ ವಿಚಿತ್ರವೆಂದರೆ, ಸಂಖ್ಯೆಯನ್ನು ಬಳಕೆದಾರನಿಂದ ಕೇಳದೆ ನೇರವಾಗಿ 2.0 ಎಂದು ಬರೆದುಬಿಟ್ಟರೆ ಲಿನಕ್ಸ್ ಕೂಡ ತಕರಾರು ಮಾಡುವುದಿಲ್ಲ.

ಇದರಲ್ಲಿ ಯಾವುದೂ ಆಕಸ್ಮಿಕವಲ್ಲ. 2.0ರ ವರ್ಗಮೂಲವನ್ನು ಕಂಪೈಲರ್ ತಾನೇ ಲೆಕ್ಕ ಹಾಕಿ ಉತ್ತರ ಬರೆದುಬಿಡುತ್ತದೆ. ಲೈಬ್ರರಿಯ ಅಗತ್ಯವೇ ಬೀಳುವುದಿಲ್ಲ. ಯುನಿಕ್ಸ್ ಸಂಪ್ರದಾಯದಲ್ಲಿ ಗಣಿತದ ಫಂಕ್ಷನ್‌ಗಳು ಸಿ ಲೈಬ್ರರಿಯಿಂದ ಹೊರಗೆ, ಲಿಬ್‌ಎಂ ಎಂಬ ಬೇರೆ ಫೈಲಿನಲ್ಲಿದ್ದವು. ಲಿನಕ್ಸ್ ಅದನ್ನೇ ಮುಂದುವರಿಸಿದೆ; ‘ಮೈನಸ್ ಎಲ್‌ಎಂ’ ಎಂದರೆ ಆ ಫೈಲನ್ನೂ ಸೇರಿಸು ಎಂದು. ಆಪಲ್ ಅವೆಲ್ಲವನ್ನೂ ಲಿಬ್‌ಸಿಸ್ಟಮ್ ಎಂಬ ಒಂದೇ ಲೈಬ್ರರಿಯ ಅಡಿ ತಂದಿದೆ. ಮೈಕ್ರೋಸಾಫ್ಟ್ ಗಣಿತವನ್ನು ಸಿ ರನ್‌ಟೈಮ್‌ನೊಳಗೇ ಇಟ್ಟಿದೆ. ಲಿಂಕಿಂಗ್‌ನ ಬಹುತೇಕ ಗೊಂದಲಗಳ ಬುಡದಲ್ಲಿರುವುದು ಇಂಥ ತೀರ್ಮಾನಗಳೇ: ಲೈಬ್ರರಿಯನ್ನು ಯಾರು ಕೊಡಬೇಕು, ಓಡುವ ಹೊತ್ತಿಗೆ ಯಾರು ಹುಡುಕಬೇಕು, ಅದರಲ್ಲಿ ದೋಷ ಕಂಡಾಗ ಯಾರು ಬದಲಿಸಬೇಕು. ಮೂರು ಮುಖ್ಯ ಆಪರೇಟಿಂಗ್ ಸಿಸ್ಟಮ್‌ಗಳು ಈ ಪ್ರಶ್ನೆಗಳಿಗೆ ಮೂರು ಬಗೆಯ ಉತ್ತರ ಕೊಟ್ಟಿವೆ. ಅವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ದೋಷಸಂದೇಶಗಳು ಅರ್ಥವಾಗತೊಡಗುತ್ತವೆ.

ಮೊದಲು ಲಿಂಕರ್ ಮಾಡುವ ಕೆಲಸ. ಕಂಪೈಲರ್ ಒಂದು ಸಲಕ್ಕೆ ಒಂದೇ ಫೈಲನ್ನು ಓದಿ, ಅದನ್ನು ಯಂತ್ರಭಾಷೆಗೆ ಇಳಿಸಿ ಆಬ್ಜೆಕ್ಟ್ ಫೈಲ್ ಮಾಡುತ್ತದೆ. ಆ ಫೈಲಿನಲ್ಲಿ ಎರಡು ಪಟ್ಟಿಗಳಿರುತ್ತವೆ: ನನ್ನಲ್ಲಿ ಇರುವ ಹೆಸರುಗಳು, ನನಗೆ ಬೇಕಾದ ಹೆಸರುಗಳು. ಈ ಹೆಸರುಗಳಿಗೆ ಸಿಂಬಲ್ ಎನ್ನುತ್ತಾರೆ. ಬೇಕಾದ ಫಂಕ್ಷನ್‌ನ ವಿಳಾಸ ಗೊತ್ತಿಲ್ಲದ ಕಡೆ ಕಂಪೈಲರ್ ಜಾಗ ಖಾಲಿ ಬಿಟ್ಟಿರುತ್ತದೆ. ಲಿಂಕರ್ ಎಲ್ಲ ಫೈಲುಗಳನ್ನೂ ಒಟ್ಟುಗೂಡಿಸಿ, ಬೇಕಾದದ್ದನ್ನು ಇರುವುದರೊಂದಿಗೆ ಹೊಂದಿಸಿ, ಖಾಲಿ ಜಾಗಗಳಲ್ಲಿ ವಿಳಾಸ ತುಂಬುತ್ತದೆ. ಹೆಡರ್ ಫೈಲನ್ನು ಅದು ಓದುವುದೇ ಇಲ್ಲ. ಹೆಡರ್ ಸೇರಿಸಿದ ಮೇಲೂ ಲೈಬ್ರರಿ ಸಿಗಲಿಲ್ಲವೇಕೆ ಎಂದು ಕೇಳುವವರಿಗೆ ಉತ್ತರ ಇಷ್ಟೇ: ಹೆಡರ್ ಇರುವುದು ಕಂಪೈಲರಿಗಾಗಿ, ಲೈಬ್ರರಿ ಇರುವುದು ಲಿಂಕರಿಗಾಗಿ.

ಈ ಕೆಲಸ ಕಂಪ್ಯೂಟರಿನಷ್ಟೇ ಹಳೆಯದು. ಕೇಂಬ್ರಿಜ್‌ನಲ್ಲಿ 1949ರಲ್ಲಿ ಚಾಲೂ ಆದ ಎಡ್‌ಸ್ಯಾಕ್ ಯಂತ್ರಕ್ಕೆ ಪೇಪರ್ ಟೇಪಿನ ಮೇಲೆ ಸಬ್‌ರುಟೀನ್‌ಗಳ ಸಂಗ್ರಹವೇ ಇತ್ತು. ಅವನ್ನು ಮೆಮೊರಿಯ ಯಾವ ಜಾಗದಲ್ಲಿ ಇಟ್ಟರೂ ವಿಳಾಸಗಳು ಸರಿಹೋಗುವಂತೆ ಡೇವಿಡ್ ವ್ಹೀಲರ್ ಏರ್ಪಾಡು ಮಾಡಿದ್ದರು. ಅದೇ ತಂಡದ ವಿಲ್ಕ್ಸ್, ವ್ಹೀಲರ್, ಗಿಲ್ ಮೂವರೂ ಸೇರಿ 1951ರಲ್ಲಿ ಪ್ರಕಟಿಸಿದ ಪುಸ್ತಕ ಈ ಸಬ್‌ರುಟೀನ್ ಲೈಬ್ರರಿಯನ್ನೇ ಕೇಂದ್ರವಾಗಿಟ್ಟುಕೊಂಡಿತ್ತು. 1952ರಲ್ಲಿ ಗ್ರೇಸ್ ಹಾಪರ್ ರೂಪಿಸಿದ ಎ-0 ವ್ಯವಸ್ಥೆಗೆ ಕಂಪೈಲರ್ ಎಂಬ ಹೆಸರಿತ್ತು. ಟೇಪಿನಿಂದ ಸಬ್‌ರುಟೀನ್‌ಗಳನ್ನು ಹೆಕ್ಕಿ ಜೋಡಿಸುತ್ತಿದ್ದ ಅದರ ಕೆಲಸ ಇಂದಿನ ಲಿಂಕರ್‌ಗೇ ಹತ್ತಿರ. ಓಡುತ್ತಿರುವಾಗಲೇ ಲೈಬ್ರರಿಯನ್ನು ಜೋಡಿಸಿಕೊಳ್ಳುವ ಯೋಚನೆ 1960ರ ದಶಕದ ಮಲ್ಟಿಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿತ್ತು. ಯುನಿಕ್ಸ್ ಅದನ್ನು ಬಹುಕಾಲ ದೂರವಿಟ್ಟಿತು. 1988ರ ಸನ್‌ಓಎಸ್ 4.0 ಹಂಚಿಕೆಯ ಲೈಬ್ರರಿಗಳಿಗೆ ಕೊಟ್ಟ ರೂಪವೇ ಮುಂದೆ ಸಿಸ್ಟಮ್ ಫೈವ್ ನಾಲ್ಕನೆಯ ಆವೃತ್ತಿಯ ಎಲ್ಫ್ ಫೈಲ್ ಮಾದರಿಯ ಜೊತೆ ಸೇರಿ ಇಂದಿನ ಲಿನಕ್ಸ್‌ವರೆಗೆ ಬಂದಿದೆ.

ಸ್ಟ್ಯಾಟಿಕ್ ಲಿಂಕಿಂಗ್ ಹಳೆಯ ದಾರಿ. ಲೈಬ್ರರಿ ಎಂದರೆ ಆಬ್ಜೆಕ್ಟ್ ಫೈಲುಗಳ ಒಂದು ಕಟ್ಟು; ಬೇಕಾದವನ್ನು ಮಾತ್ರ ಬಿಡಿಸಿ ಪ್ರೋಗ್ರಾಂ ಒಳಗೆ ನಕಲು ಮಾಡಿಕೊಳ್ಳಲಾಗುತ್ತದೆ. ಸರಳವಾಗಿ ಕಾಣುವ ಈ ದಾರಿಯಲ್ಲಿ ಲಿನಕ್ಸ್‌ನ ಗ್ನೂ ಲಿಂಕರ್‌ಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ: ಅದು ಕಮಾಂಡನ್ನು ಎಡದಿಂದ ಬಲಕ್ಕೆ ಒಂದೇ ಸಲ ಓದುತ್ತದೆ. ಕಟ್ಟೊಂದನ್ನು ತೆರೆದಾಗ ಆ ಹೊತ್ತಿಗೆ ಬಾಕಿ ಇರುವ ಹೆಸರುಗಳನ್ನಷ್ಟೇ ಅದರಲ್ಲಿ ಹುಡುಕಿ ಮುಂದೆ ಹೋಗುತ್ತದೆ, ಹಿಂದಿರುಗಿ ನೋಡುವುದಿಲ್ಲ. ಹಾಗಾಗಿ ಬಳಸುವ ಫೈಲ್ ಮೊದಲು, ಒದಗಿಸುವ ಲೈಬ್ರರಿ ನಂತರ ಬರಬೇಕು. ‘ಮೈನಸ್ ಎಲ್‌ಎಂ’ ಕೊನೆಯಲ್ಲೇ ಇರಬೇಕೆನ್ನುವುದು ಇದಕ್ಕೇ. ಮೆಮೊರಿ ಕಿಲೋಬೈಟ್‌ಗಳಲ್ಲಿದ್ದ ಕಾಲಕ್ಕೆ ಈ ನಿಯಮ ಸಕಾರಣವಾಗಿತ್ತು. ಆಪಲ್‌ನ ಲಿಂಕರ್ ಕಟ್ಟುಗಳನ್ನು ಮತ್ತೆ ಮತ್ತೆ ನೋಡುತ್ತದೆ. ಎಲ್‌ಎಲ್‌ವಿಎಂ ಯೋಜನೆಯ ಎಲ್‌ಎಲ್‌ಡಿ ಒಮ್ಮೆ ಕಂಡ ಹೆಸರುಗಳನ್ನು ನೆನಪಿಟ್ಟುಕೊಳ್ಳುತ್ತದೆ. ಇಂಥ ಲಿಂಕರ್‌ಗಳೊಂದಿಗೆ ಬೆಳೆದ ಪ್ರೋಗ್ರಾಂ ಗ್ನೂ ಲಿಂಕರ್‌ಗೆ ಬಂದಾಗ ಅನುಕ್ರಮದ ತಪ್ಪು ಮೊದಲ ಸಲ ಬಯಲಾಗುತ್ತದೆ.

ಅನುಕ್ರಮ ಸರಿಯಿದ್ದರೂ ಬಗೆಹರಿಯದ ಪ್ರಸಂಗವೊಂದು ಕನ್ನಡ ಓದುವ ನಮಗೆಲ್ಲ ಹತ್ತಿರದ್ದು. ಪರದೆಯ ಮೇಲೆ ‘ಸ್ತ್ರೀ’, ‘ಲಕ್ಷ್ಮಿ’ ಎಂದು ಒತ್ತಕ್ಷರಗಳು ಸರಿಯಾದ ಜಾಗದಲ್ಲಿ ಕೂರಬೇಕಾದರೆ ಯುನಿಕೋಡ್ ಸಂಕೇತಗಳ ಸಾಲನ್ನು ಫಾಂಟಿನ ಆಕಾರಗಳಾಗಿ ಪರಿವರ್ತಿಸುವ ಲೈಬ್ರರಿ ಬೇಕು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಈ ಕೆಲಸ ಮಾಡುವುದು ಹಾರ್ಫ್‌ಬಜ್. ಆಕಾರಗಳನ್ನು ಫಾಂಟ್ ಫೈಲಿನಿಂದ ತೆಗೆದು ಚುಕ್ಕಿಗಳಾಗಿ ಬಿಡಿಸುವುದು ಫ್ರೀಟೈಪ್. ಫಾಂಟಿನ ಅಳತೆಗಳಿಗಾಗಿ ಹಾರ್ಫ್‌ಬಜ್ ಫ್ರೀಟೈಪನ್ನು ಬಳಸಬಲ್ಲದು. ಸಣ್ಣ ಗಾತ್ರದಲ್ಲಿ ಅಕ್ಷರದ ಅಂಚು ತಿದ್ದುವಾಗ ಫ್ರೀಟೈಪ್ ಹಾರ್ಫ್‌ಬಜ್ ಅನ್ನು ಕೇಳಬಲ್ಲದು. ಹೀಗೆ ಅವು ಒಂದಕ್ಕೊಂದು ಬೇಕಾಗುತ್ತವೆ. ಎರಡನ್ನೂ ಸ್ಟ್ಯಾಟಿಕ್ ಆಗಿ ಜೋಡಿಸುವಾಗ ಯಾವುದನ್ನು ಮೊದಲಿಟ್ಟರೂ ಒಂದಷ್ಟು ಹೆಸರುಗಳು ಬಾಕಿ ಉಳಿಯುತ್ತವೆ. ಒಂದರ ಹೆಸರನ್ನು ಎರಡು ಸಲ ಬರೆಯಬೇಕು, ಇಲ್ಲವೇ ಎರಡನ್ನೂ ಗುಂಪಾಗಿ ಗುರುತಿಸಿ, ಬಾಕಿ ತೀರುವವರೆಗೆ ಸುತ್ತುಹಾಕು ಎಂದು ಲಿಂಕರಿಗೆ ಹೇಳಬೇಕು. ಕಟ್ಟುವ ಹಂತದಲ್ಲಿ ಇನ್ನೂ ಕಷ್ಟ: ಫ್ರೀಟೈಪನ್ನು ಮೊದಲು ಹಾರ್ಫ್‌ಬಜ್ ಇಲ್ಲದೆ ಕಟ್ಟಿ, ಅದರ ಮೇಲೆ ಹಾರ್ಫ್‌ಬಜ್ ಕಟ್ಟಿ, ಆಮೇಲೆ ಫ್ರೀಟೈಪನ್ನು ಮರಳಿ ಕಟ್ಟುವುದು ರೂಢಿಯ ಉಪಾಯ.

ಡೈನಮಿಕ್ ಲಿಂಕಿಂಗ್‌ನಲ್ಲಿ ನಕಲು ಇಲ್ಲ. ನನಗೆ ಇಂಥ ಲೈಬ್ರರಿ ಬೇಕು ಎಂಬ ಹೆಸರನ್ನಷ್ಟೇ ಪ್ರೋಗ್ರಾಂ ಇಟ್ಟುಕೊಳ್ಳುತ್ತದೆ. ಹುಡುಕಿ ಜೋಡಿಸುವ ಕೆಲಸ ಪ್ರೋಗ್ರಾಂ ಶುರುವಾಗುವಾಗ ನಡೆಯುತ್ತದೆ. ಮೂರು ವ್ಯವಸ್ಥೆಗಳ ದಾರಿ ಬೇರೆಯಾಗುವುದು ಇಲ್ಲೇ.

ಲಿನಕ್ಸ್‌ನಲ್ಲಿ ಒಂದೇ ಲೈಬ್ರರಿಗೆ ಮೂರು ಹೆಸರು. ಪೂರ್ಣ ಆವೃತ್ತಿಸಂಖ್ಯೆಯಿರುವ ನಿಜವಾದ ಫೈಲ್. ಮುಖ್ಯ ಆವೃತ್ತಿಯನ್ನಷ್ಟೇ ಹೇಳುವ ‘ಎಸ್‌ಓ-ನೇಮ್’. ಸಂಖ್ಯೆಯೇ ಇಲ್ಲದ, ‘ಡಾಟ್ ಎಸ್‌ಓ’ ಎಂದು ಮುಗಿಯುವ ಕೊಂಡಿ. ಲಿಂಕರ್ ಹುಡುಕುವುದು ಕೊನೆಯದನ್ನು, ಪ್ರೋಗ್ರಾಂ ಒಳಗೆ ಬರೆದಿಡುವುದು ನಡುವಿನದನ್ನು. ಡೆಬಿಯನ್, ಉಬುಂಟು ಮುಂತಾದವು ಈ ಕೊನೆಯ ಕೊಂಡಿಯನ್ನೂ ಹೆಡರ್‌ಗಳನ್ನೂ ‘ಡೆವ್’ ಎಂಬ ಬೇರೆ ಪ್ಯಾಕೇಜಿನಲ್ಲಿ ಇಡುತ್ತವೆ. ಆದ್ದರಿಂದಲೇ ಲೈಬ್ರರಿ ಇನ್‌ಸ್ಟಾಲ್ ಆಗಿದ್ದು, ಅದನ್ನು ಬಳಸುವ ಬೇರೆ ಪ್ರೋಗ್ರಾಂಗಳು ಓಡುತ್ತಿದ್ದರೂ, ನಮ್ಮ ಲಿಂಕರ್ ಮಾತ್ರ ಸಿಗಲಿಲ್ಲ ಎನ್ನುತ್ತದೆ. ಇದಕ್ಕೆ ತಿರುವುಮುರುವಾದ ತೊಂದರೆಯೂ ಉಂಟು. ನಾವೇ ಕಟ್ಟಿದ ಲೈಬ್ರರಿಯ ಫೋಲ್ಡರನ್ನು ಲಿಂಕರಿಗೆ ಹೇಳಿರುತ್ತೇವೆ, ಲಿಂಕ್ ಆಗುತ್ತದೆ. ಓಡಿಸಿದಾಗ ಫೈಲ್ ತೆರೆಯಲಾಗಲಿಲ್ಲ ಎಂಬ ಸಂದೇಶ. ಓಡುವಾಗ ಹುಡುಕುವವನು ಬೇರೆ, ಅವನಿಗೆ ಆ ಫೋಲ್ಡರ್ ಗೊತ್ತಿಲ್ಲ. ಎಲ್‌ಡಿ-ಕಾನ್ಫಿಗ್ ಮೂಲಕ ಇಡೀ ಯಂತ್ರಕ್ಕೆ ತಿಳಿಸಬಹುದು, ಪ್ರೋಗ್ರಾಂ ಒಳಗೇ ‘ಆರ್‌ಪಾತ್’ ಆಗಿ ಬರೆದಿಡಬಹುದು, ಇಲ್ಲವೇ ‘ಎಲ್‌ಡಿ ಲೈಬ್ರರಿ ಪಾತ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಕೊಡಬಹುದು. ಕೊನೆಯದು ಪರೀಕ್ಷೆಗೆ ಒಳ್ಳೆಯದು. ಬಳಕೆದಾರರ ಯಂತ್ರದಲ್ಲಿ ಅದನ್ನು ಕಾಯಂ ಬಿಟ್ಟರೆ ಸಂಬಂಧವಿಲ್ಲದ ಪ್ರೋಗ್ರಾಂಗಳೂ ತಪ್ಪು ಲೈಬ್ರರಿ ಹಿಡಿಯುತ್ತವೆ.

ಲಿನಕ್ಸ್‌ನ ನಿಜವಾದ ಇಕ್ಕಟ್ಟು ಜಿಲಿಬ್‌ಸಿ, ಅಂದರೆ ಅದರ ಮೂಲ ಸಿ ಲೈಬ್ರರಿ. ಇದು ಪ್ರತಿ ಫಂಕ್ಷನ್ನಿಗೂ ಆವೃತ್ತಿಯ ಚೀಟಿ ಅಂಟಿಸುತ್ತದೆ. ಮೆಮೊರಿಯನ್ನು ನಕಲು ಮಾಡುವ ಮೆಮ್‌ಕಾಪಿ ಎಂಬ ಫಂಕ್ಷನ್ನಿನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಒಂದರ ಮೇಲೊಂದು ಬರುವ ಮೆಮೊರಿ ಪ್ರದೇಶಗಳ ಮೇಲೆ ಇದನ್ನು ಬಳಸಬಾರದು ಎಂದು ಸಿ ನಿಯಮ ಹೇಳುತ್ತದೆ. ಎಷ್ಟೋ ಪ್ರೋಗ್ರಾಂಗಳು ಬಳಸುತ್ತಿದ್ದವು, ಅದು ಹೇಗೋ ನಡೆಯುತ್ತಿತ್ತು. 2010ರಲ್ಲಿ ವೇಗಕ್ಕಾಗಿ ನಕಲಿನ ಕ್ರಮ ಬದಲಿಸಿದ ಜಿಲಿಬ್‌ಸಿಯೊಂದಿಗೆ ಫೆಡೋರಾ 14 ಬಂದಾಗ ಅಡೋಬಿ ಫ್ಲ್ಯಾಶ್‌ನ ಧ್ವನಿ ಕೆಟ್ಟುಹೋಯಿತು. ತಪ್ಪು ಫ್ಲ್ಯಾಶ್‌ನದೇ ಆದರೂ ಬಳಕೆದಾರನಿಗೆ ಅದರಿಂದ ಏನಾಗಬೇಕು ಎಂದು ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಅವರೇ ವಾದಕ್ಕಿಳಿದರು. ಕೊನೆಗೆ ಜಿಲಿಬ್‌ಸಿ 2.14ರಲ್ಲಿ ಹೊಸ ಮೆಮ್‌ಕಾಪಿಗೆ ಹೊಸ ಚೀಟಿ ಅಂಟಿಸಿ, ಹಳೆಯ ಪ್ರೋಗ್ರಾಂಗಳಿಗೆ ಹಳೆಯ ನಡವಳಿಕೆಯನ್ನೇ ಉಳಿಸಲಾಯಿತು. ಹಳೆಯ ಪ್ರೋಗ್ರಾಂ ಹೊಸ ಯಂತ್ರದಲ್ಲಿ ಓಡುವ ಭರವಸೆ ಇದರಿಂದ ಗಟ್ಟಿಯಾಯಿತು. ಹೊಸ ಯಂತ್ರದಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡದಿರುವುದೂ ಇದರಿಂದಲೇ: ‘ಜಿಲಿಬ್‌ಸಿ 2.14 ಸಿಗಲಿಲ್ಲ’ ಎಂಬ ಸಂದೇಶ ಎಷ್ಟು ಜನರ ಸಂಜೆಗಳನ್ನು ತಿಂದಿದೆಯೋ. ಇದಕ್ಕೆ ರೂಢಿಯಲ್ಲಿರುವ ಪರಿಹಾರ ಒಂದೇ, ನೀವು ಬೆಂಬಲಿಸುವ ಅತ್ಯಂತ ಹಳೆಯ ವ್ಯವಸ್ಥೆಯ ಮೇಲೆ ಕಟ್ಟಿ. ಪೈಥಾನ್ ಸಮುದಾಯ 2016ರಲ್ಲಿ ‘ಮೆನಿಲಿನಕ್ಸ್’ ಎಂಬ ಒಪ್ಪಂದ ಮಾಡಿಕೊಂಡು ಸೆಂಟ್‌ಓಎಸ್ 5ನ್ನು ಆಧಾರವಾಗಿ ಹಿಡಿದದ್ದು ಇದೇ ಲೆಕ್ಕದಿಂದ. ಪೈಥಾನ್ ಲೈಬ್ರರಿಗಳು ಇಂದು ಒಂದೇ ಕಮಾಂಡಿಗೆ ಸಲೀಸಾಗಿ ಇನ್‌ಸ್ಟಾಲ್ ಆಗುವುದರ ಹಿಂದೆ ಈ ಒಪ್ಪಂದದ ಶ್ರಮವಿದೆ.

ವಿಂಡೋಸ್‌ನ ಚಿಂತನೆ ಬೇರೆ. ಲಿನಕ್ಸ್‌ನಲ್ಲಿ ಪ್ರೋಗ್ರಾಂಗೆ ಬೇಕಾದ ಹೆಸರು ಯಾವ ಲೈಬ್ರರಿಯಲ್ಲಿ ಮೊದಲು ಸಿಕ್ಕರೂ ಆದೀತು. ವಿಂಡೋಸ್‌ನಲ್ಲಿ ಇಂಥ ಡಿಎಲ್‌ಎಲ್‌ನಿಂದಲೇ, ಅಂದರೆ ಇಂಥ ಡೈನಮಿಕ್ ಲೈಬ್ರರಿಯಿಂದಲೇ, ಇಂಥ ಹೆಸರು ಎಂದು ಜೋಡಿಯಾಗಿ ಬರೆದಿರುತ್ತದೆ. ಲಿಂಕ್ ಮಾಡುವಾಗ ಬೇಕಾಗುವುದು ಡಿಎಲ್‌ಎಲ್ ಅಲ್ಲ, ಅದರ ಜೊತೆ ಹುಟ್ಟುವ ಇಂಪೋರ್ಟ್ ಲೈಬ್ರರಿ. ಅದರ ಹೆಸರು ‘ಡಾಟ್ ಲಿಬ್’ ಎಂದು ಮುಗಿಯುತ್ತದೆ, ಸ್ಟ್ಯಾಟಿಕ್ ಲೈಬ್ರರಿಯದೂ ಹಾಗೆಯೇ ಮುಗಿಯುತ್ತದೆ. ಹೆಸರು ನೋಡಿ ಯಾವುದು ಎಂದು ಹೇಳಲಾಗದು. ಹೊರಗೆ ಕಾಣಬೇಕಾದ ಫಂಕ್ಷನ್‌ಗಳನ್ನು ಲೇಖಕರು ಸ್ಪಷ್ಟವಾಗಿ ಘೋಷಿಸಬೇಕು. ಲಿನಕ್ಸ್‌ನಲ್ಲಿ ಎಲ್ಲವೂ ತಾನಾಗಿ ಕಾಣುತ್ತದೆ. ಅಲ್ಲಿ ಬರೆದ ಲೈಬ್ರರಿಯನ್ನು ವಿಂಡೋಸ್‌ಗೆ ತಂದಾಗ ಡಿಎಲ್‌ಎಲ್ ತಯಾರಾದರೂ ಒಳಗಿನ ಹೆಸರುಗಳು ಹೊರಗೆ ಕಾಣದಿರುವುದಕ್ಕೆ ಇದು ಕಾರಣ. ಘೋಷಿಸುವ ಪದ್ಧತಿಯೇ ಮೇಲು ಎಂದು ನನ್ನ ಅಭಿಪ್ರಾಯ. ಒಳಗಿನದ್ದು ಒಳಗೇ ಇದ್ದರೆ ಮುಂದೆ ಬದಲಿಸಲು ಸ್ವಾತಂತ್ರ್ಯ ಇರುತ್ತದೆ.

ಆರ್‌ಪಾತ್‌ನಂಥದ್ದು ವಿಂಡೋಸ್‌ನಲ್ಲಿಲ್ಲ. ಮೊದಲು ಪ್ರೋಗ್ರಾಂ ಇರುವ ಫೋಲ್ಡರ್, ಆಮೇಲೆ ಸಿಸ್ಟಮ್ ಫೋಲ್ಡರ್‌ಗಳು, ಕೊನೆಗೆ ಪಾತ್‌ನಲ್ಲಿ ಹೇಳಿದ ಜಾಗಗಳು. 1990ರ ದಶಕದಲ್ಲಿ ಪ್ರತಿ ಇನ್‌ಸ್ಟಾಲರ್ ತನ್ನ ಡಿಎಲ್‌ಎಲ್‌ಗಳನ್ನು ಸಿಸ್ಟಮ್ ಫೋಲ್ಡರಿಗೆ ಸುರಿದು, ಇನ್ನೊಬ್ಬರದನ್ನು ಅಳಿಸಿ, ‘ಡಿಎಲ್‌ಎಲ್ ಹೆಲ್’ ಎಂಬ ಹೆಸರನ್ನೇ ಹುಟ್ಟಿಸಿತು. 2001ರ ವಿಂಡೋಸ್ ಎಕ್ಸ್‌ಪಿ ಒಂದೇ ಡಿಎಲ್‌ಎಲ್‌ನ ಹಲವು ಆವೃತ್ತಿಗಳನ್ನು ಪಕ್ಕಪಕ್ಕ ಇಡುವ ವ್ಯವಸ್ಥೆ ತಂದಿತು. ಆ ಕಾಲದಲ್ಲಿ ಯುನಿಕೋಡ್ ಕನ್ನಡ ಬಳಸಲು ಹೆಣಗಿದವರಿಗೆ ಯೂನಿಸ್ಕ್ರೈಬ್‌ನ ಯುಎಸ್‌ಪಿ-10 ಡಿಎಲ್‌ಎಲ್ ನೆನಪಿರಬಹುದು. ಒತ್ತಕ್ಷರ ಜೋಡಿಸುತ್ತಿದ್ದುದು ಅದೇ. ಆಫೀಸ್ ತಂತ್ರಾಂಶ ತನ್ನದೇ ಹೊಸ ಪ್ರತಿಯನ್ನು ಜೊತೆಗೆ ತರುತ್ತಿದ್ದುದರಿಂದ ಅದೇ ಯಂತ್ರದಲ್ಲಿ, ಅದೇ ಫಾಂಟಿನಲ್ಲಿ, ಒಂದು ಪ್ರೋಗ್ರಾಂ ಒಂದು ರೀತಿ ಅಕ್ಷರ ಜೋಡಿಸಿದರೆ ಇನ್ನೊಂದು ಬೇರೆ ರೀತಿ ಜೋಡಿಸುವ ಸಾಧ್ಯತೆ ಇತ್ತು.

ಇದಕ್ಕಿಂತ ಆಳವಾದ ತೊಂದರೆ ಸಿ ರನ್‌ಟೈಮ್‌ನದು. ವಿಷುಯಲ್ ಸ್ಟುಡಿಯೋದ ಒಂದೊಂದು ಆವೃತ್ತಿಗೂ ಬೇರೆ ಬೇರೆ ರನ್‌ಟೈಮ್, ಒಂದೊಂದಕ್ಕೂ ತನ್ನದೇ ಮೆಮೊರಿ ಲೆಕ್ಕ. ಒಂದು ರನ್‌ಟೈಮ್‌ನಲ್ಲಿ ಪಡೆದ ಮೆಮೊರಿಯನ್ನು ಇನ್ನೊಂದರಲ್ಲಿ ಬಿಡುಗಡೆ ಮಾಡಿದರೆ ಪ್ರೋಗ್ರಾಂ ಬೀಳುತ್ತದೆ. ಲಿಂಕ್ ಮಾಡುವಾಗ ಇದರ ಸುಳಿವು ಸಿಗದಿರಬಹುದು. 2015ರ ಆವೃತ್ತಿಯೊಂದಿಗೆ ಮೈಕ್ರೋಸಾಫ್ಟ್ ‘ಯುನಿವರ್ಸಲ್ ಸಿಆರ್‌ಟಿ’ ತಂದು, ರನ್‌ಟೈಮ್‌ನ ಬಹುಭಾಗವನ್ನು ವಿಂಡೋಸ್‌ನ ಅಂಗವನ್ನಾಗಿ ಮಾಡಿತು. ಅಲ್ಲಿಂದೀಚಿನ ಆವೃತ್ತಿಗಳ ನಡುವೆ ಹೊಂದಾಣಿಕೆಯನ್ನೂ ಕಾಯ್ದುಕೊಂಡು ಬಂದಿದೆ. ನನ್ನ ದೃಷ್ಟಿಯಲ್ಲಿ ವಿಂಡೋಸ್ ಲಿಂಕಿಂಗ್‌ನಲ್ಲಿ ಆದ ಅತ್ಯಂತ ದೊಡ್ಡ ಸುಧಾರಣೆ ಅದು. ಲಿಂಕ್ ಮಾಡುವ ಎಲ್ಲ ಭಾಗಗಳಿಗೂ ರನ್‌ಟೈಮನ್ನು ಡೈನಮಿಕ್ ಆಗಿ ಜೋಡಿಸುವ ‘ಎಂಡಿ’ ಅಥವಾ ಸ್ಟ್ಯಾಟಿಕ್ ಆಗಿ ಜೋಡಿಸುವ ‘ಎಂಟಿ’ ಎಂಬ ಒಂದೇ ಆಯ್ಕೆ ಇರಬೇಕು, ಡೀಬಗ್ ಮತ್ತು ರಿಲೀಸ್ ಬೆರೆಯಬಾರದು ಎಂಬ ಎಚ್ಚರ ಈಗಲೂ ಬೇಕೇ ಬೇಕು.

ಮ್ಯಾಕ್‌ನ ಕ್ರಮ ನೆಕ್ಸ್ಟ್‌ಸ್ಟೆಪ್‌ನಿಂದ ಬಂದ ಮಾಕ್-ಓ ಫೈಲ್ ಮಾದರಿಯದು. ಇಲ್ಲಿ ಲೈಬ್ರರಿ ತನ್ನನ್ನು ಎಲ್ಲಿ ಹುಡುಕಬೇಕು ಎಂಬ ವಿಳಾಸವನ್ನು ತನ್ನೊಳಗೇ ಬರೆದುಕೊಂಡಿರುತ್ತದೆ. ಅದು ‘ಇನ್‌ಸ್ಟಾಲ್ ನೇಮ್’. ಲಿಂಕರ್ ಅದನ್ನೇ ಪ್ರೋಗ್ರಾಂಗೆ ನಕಲು ಮಾಡುತ್ತದೆ. ತಯಾರಕರ ಯಂತ್ರದ ಪೂರ್ಣ ವಿಳಾಸ ಅದರಲ್ಲಿ ಉಳಿದುಹೋದರೆ ಬೇರೆ ಯಾವ ಯಂತ್ರದಲ್ಲೂ ಓಡದು. ‘ಅಟ್ ಆರ್‌ಪಾತ್’ ಎಂದು ಶುರುವಾಗುವ ಸಾಪೇಕ್ಷ ವಿಳಾಸ ಕೊಡುವುದು, ಆಗಿಹೋದದ್ದನ್ನು ಇನ್‌ಸ್ಟಾಲ್-ನೇಮ್-ಟೂಲ್‌ನಿಂದ ತಿದ್ದುವುದು ವಾಡಿಕೆ. ಆಪಲ್ ಸಿಲಿಕಾನ್ ಯಂತ್ರಗಳಲ್ಲಿ ಡಿಜಿಟಲ್ ಸಹಿ ಇಲ್ಲದ ಕೋಡ್ ಓಡುವುದಿಲ್ಲ. ತಿದ್ದಿದಾಗ ಹಳೆಯ ಸಹಿ ಕೆಡುವುದರಿಂದ ಮತ್ತೆ ಸಹಿ ಹಾಕಬೇಕು. ಹೋಮ್‌ಬ್ರೂ ಎಂಬ ಪ್ಯಾಕೇಜ್ ಮ್ಯಾನೇಜರ್ ಈ ಯಂತ್ರಗಳಲ್ಲಿ ತನ್ನ ಲೈಬ್ರರಿಗಳನ್ನು ಹಳೆಯ ‘ಯುಎಸ್‌ಆರ್ ಲೋಕಲ್’ ಬಿಟ್ಟು ‘ಆಪ್ಟ್ ಹೋಮ್‌ಬ್ರೂ’ ಫೋಲ್ಡರಿನಲ್ಲಿಡುತ್ತದೆ. ಹಳೆಯ ಬಿಲ್ಡ್ ಸ್ಕ್ರಿಪ್ಟುಗಳು ಸುಮ್ಮನೆ ಸೋಲುವುದು ಅದರಿಂದ. 2020ರ ಬಿಗ್ ಸರ್‌ನಿಂದ ಮುಂದೆ ಸಿಸ್ಟಮ್ ಲೈಬ್ರರಿಗಳು ಡಿಸ್ಕಿನಲ್ಲಿ ಬಿಡಿ ಫೈಲುಗಳಾಗಿಯೂ ಇಲ್ಲ, ಒಂದೇ ದೊಡ್ಡ ಕ್ಯಾಶ್‌ನಲ್ಲಿವೆ. ಲಿಂಕರ್ ನೋಡುವುದು ಹೆಸರುಗಳ ಪಟ್ಟಿಯಷ್ಟೇ ಇರುವ ‘ಟಿಬಿಡಿ’ ಫೈಲುಗಳನ್ನು. ಲಿಬ್‌ಸಿಸ್ಟಮ್ ಅನ್ನು ಸ್ಟ್ಯಾಟಿಕ್ ಆಗಿ ಜೋಡಿಸಲು ಆಪಲ್ ಅವಕಾಶವನ್ನೇ ಕೊಟ್ಟಿಲ್ಲ. ತಳದ ಲೈಬ್ರರಿಯ ಹೊಣೆ ಪೂರ್ತಿ ನನ್ನದು, ನೀವು ಮುಟ್ಟಬೇಡಿ ಎನ್ನುವುದು ಅದರ ನಿಲುವು.

ಈ ಭೇದಗಳನ್ನೆಲ್ಲ ದಾಟಲು ದೊಡ್ಡ ಯೋಜನೆಗಳು ಏನು ಮಾಡುತ್ತವೆ ಎಂಬುದಕ್ಕೆ ಲಿಬ್ರೆಆಫೀಸ್ ನೋಡಬಹುದು. ಮೊದಲು ಅದು ವಿಂಡೋಸ್‌ನಲ್ಲಿ ಯೂನಿಸ್ಕ್ರೈಬ್, ಮ್ಯಾಕ್‌ನಲ್ಲಿ ಕೋರ್ ಟೆಕ್ಸ್ಟ್, ಲಿನಕ್ಸ್‌ನಲ್ಲಿ ಹಾರ್ಫ್‌ಬಜ್ ಬಳಸುತ್ತಿತ್ತು. ಸಿಸ್ಟಮ್ ಕೊಟ್ಟದ್ದನ್ನು ನೆಚ್ಚಿಕೊಂಡ ಪರಿಣಾಮ, ಒಂದೇ ಕನ್ನಡ ಕಡತದ ಸಾಲುಗಳು ಬೇರೆ ಬೇರೆ ಯಂತ್ರದಲ್ಲಿ ಬೇರೆ ಬೇರೆ ಕಡೆ ಮುರಿಯಬಹುದಿತ್ತು. 2017ರ 5.3 ಆವೃತ್ತಿಯಲ್ಲಿ ಎಲ್ಲ ಕಡೆಗೂ ಹಾರ್ಫ್‌ಬಜ್ ಒಂದನ್ನೇ ಇಟ್ಟುಕೊಂಡರು. ಲೈಬ್ರರಿಯ ಹೊಣೆ ಆಪರೇಟಿಂಗ್ ಸಿಸ್ಟಮಿನಿಂದ ತಂತ್ರಾಂಶದವರ ಕೈಗೆ ಬಂತು.

ಸಿ ಪ್ಲಸ್ ಪ್ಲಸ್ ಬಂದರೆ ತೊಡಕು ಇನ್ನೊಂದು ಪಟ್ಟು. ಒಂದೇ ಹೆಸರಿನ ಹಲವು ಫಂಕ್ಷನ್‌ಗಳಿಗೆ ಅವಕಾಶವಿರುವುದರಿಂದ ಕಂಪೈಲರ್ ಹೆಸರಿಗೆ ಪ್ಯಾರಾಮೀಟರ್‌ಗಳ ವಿವರ ಬೆಸೆದು ಉದ್ದದ ಸಿಂಬಲ್ ಮಾಡುತ್ತದೆ. ಜಿಸಿಸಿ, ಕ್ಲ್ಯಾಂಗ್ ಬೆಸೆಯುವ ಬಗೆ ಒಂದು, ಮೈಕ್ರೋಸಾಫ್ಟ್‌ನದು ಇನ್ನೊಂದು. ಹಾಗಾಗಿ ವಿಂಡೋಸ್‌ನಲ್ಲೇ, ಜಿಸಿಸಿಯ ವಿಂಡೋಸ್ ರೂಪವಾದ ಮಿನ್‌ಜಿಡಬ್ಲ್ಯುನಿಂದ ಕಟ್ಟಿದ ಸಿ ಪ್ಲಸ್ ಪ್ಲಸ್ ಲೈಬ್ರರಿ ವಿಷುಯಲ್ ಸ್ಟುಡಿಯೋಗೆ ಒಗ್ಗದು. 2015ರ ಜಿಸಿಸಿ 5 ಸ್ಟ್ರಿಂಗ್‌ನ ಒಳರಚನೆ ಬದಲಿಸಿದಾಗ ಲಿನಕ್ಸ್‌ನೊಳಗೇ ಹಳೆಯ ಮತ್ತು ಹೊಸ ಲೈಬ್ರರಿಗಳು ಬೇರೆಯಾದವು. ಹೊರಗೆ ಕಾಣುವ ಮುಖವನ್ನು ಶುದ್ಧ ಸಿ ಫಂಕ್ಷನ್‌ಗಳಲ್ಲೇ ಇಡುವ ಲೈಬ್ರರಿಗಳು ಇದರಿಂದ ಪಾರಾಗಿವೆ. ಒಳಗೆ ಸಿ ಪ್ಲಸ್ ಪ್ಲಸ್‌ನಲ್ಲಿದ್ದರೂ ಹಾರ್ಫ್‌ಬಜ್ ಮಾಡಿರುವುದು ಅದನ್ನೇ. ಪಿಕೆಜಿ-ಕಾನ್ಫಿಗ್, ಸಿಮೇಕ್, ವಿಸಿಪಿಕೆಜಿ, ಕೋನನ್‌ನಂಥ ಸಾಧನಗಳು ಕಮಾಂಡಿನ ಸಾಲುಗಳನ್ನು ಬರೆದುಕೊಡುತ್ತವೆ, ನಿತ್ಯದ ಕೆಲಸ ಹಗುರ ಮಾಡುತ್ತವೆ. ಒಳಗಿನ ಭೇದಗಳನ್ನು ಅಳಿಸುವುದಿಲ್ಲ.

ಹಾಗಾದರೆ ಸ್ಟ್ಯಾಟಿಕ್ ಒಳ್ಳೆಯದೋ ಡೈನಮಿಕ್ ಒಳ್ಳೆಯದೋ? ಹಂಚಿಕೆಯ ಲೈಬ್ರರಿಯ ಪರವಾದ ಬಲವಾದ ಸಾಕ್ಷಿ 2014ರ ಹಾರ್ಟ್‌ಬ್ಲೀಡ್. ಗೂಢಲಿಪೀಕರಣದ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನ ಆ ದೋಷಕ್ಕೆ ತಿದ್ದಿದ ಲೈಬ್ರರಿ ಹಾಕಿ ಸರ್ವೀಸ್‌ಗಳನ್ನು ರೀಸ್ಟಾರ್ಟ್ ಮಾಡಿದರೆ ಅದನ್ನು ಹಂಚಿಕೊಂಡ ಪ್ರೋಗ್ರಾಂಗಳಷ್ಟೂ ದುರಸ್ತಿಯಾದವು. ತಮ್ಮೊಳಗೆ ನಕಲು ಇಟ್ಟುಕೊಂಡವನ್ನು ಒಂದೊಂದಾಗಿ ಹುಡುಕಿ ಮರಳಿ ಕಟ್ಟಬೇಕಾಯಿತು. 2002ರಲ್ಲಿ ಝಡ್‌ಲಿಬ್ ಎಂಬ ಕಂಪ್ರೆಶನ್ ಲೈಬ್ರರಿಯ ದೋಷ ಹೊರಬಿದ್ದಾಗಲೂ ಹೀಗೇ ಆಗಿತ್ತು. ಎದುರು ಸಾಕ್ಷಿ 2024ರ ಎಕ್ಸ್‌ಝಡ್ ಪ್ರಕರಣ. ಕೆಲವು ಲಿನಕ್ಸ್ ವಿತರಣೆಗಳು ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸರ್ವರಿಗೆ ಲಿಬ್‌ಸಿಸ್ಟಮ್‌ಡಿ ಜೋಡಿಸಿದ್ದವು. ಅದು ಎಕ್ಸ್‌ಝಡ್ ಯೋಜನೆಯ ಲಿಬ್‌ಎಲ್‌ಝಡ್‌ಎಂಎ ಎಂಬ ಕಂಪ್ರೆಶನ್ ಲೈಬ್ರರಿಯನ್ನು ಎಳೆದು ತರುತ್ತಿತ್ತು. ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬಚ್ಚಿಟ್ಟ ಹಿಂಬಾಗಿಲು ಹೀಗೆ ಎಸ್‌ಎಸ್‌ಎಚ್ ಒಳಗೆ ಬಂದು ಕೂತಿತ್ತು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂಬುದನ್ನು ಬೆನ್ನುಹತ್ತಿದ ಎಂಜಿನಿಯರ್ ಆಂಡ್ರೆಸ್ ಫ್ರೂಂಡ್ ಅದನ್ನು ಹಿಡಿಯದಿದ್ದರೆ ಅದು ಜಗತ್ತಿನ ಅಸಂಖ್ಯ ಸರ್ವರ್‌ಗಳನ್ನು ತಲುಪುತ್ತಿತ್ತು. ಲೈಬ್ರರಿಯೊಂದನ್ನು ಜೋಡಿಸಿದಾಗ ಅದಕ್ಕೆ ಬೇಕಾದ ಲೈಬ್ರರಿಗಳೂ ನಿಮ್ಮ ಪ್ರೋಗ್ರಾಂನ ಮೆಮೊರಿಯೊಳಗೆ ಬರುತ್ತವೆ, ನಿಮ್ಮಷ್ಟೇ ಅಧಿಕಾರ ಪಡೆಯುತ್ತವೆ.

ಗೋ, ರಸ್ಟ್ ಭಾಷೆಗಳು ತಮ್ಮ ಲೈಬ್ರರಿಗಳನ್ನು ಸ್ಟ್ಯಾಟಿಕ್ ಆಗಿಯೇ ಸೇರಿಸುತ್ತವೆ. ಹಂಚುವುದು ಸುಲಭ, ದೋಷ ಬಂದಾಗ ಮರಳಿ ಕಟ್ಟುವ ಹೊಣೆ ತಯಾರಕರದು. ಲೈಸೆನ್ಸಿನ ಮಾತೂ ಇದೆ: ಎಲ್‌ಜಿಪಿಎಲ್ ಲೈಬ್ರರಿಯನ್ನು ಸ್ಟ್ಯಾಟಿಕ್ ಆಗಿ ಸೇರಿಸಿ ಹಂಚಿದರೆ, ಬಳಕೆದಾರರು ಅದರ ಬದಲಾದ ಆವೃತ್ತಿಯೊಂದಿಗೆ ಮತ್ತೆ ಲಿಂಕ್ ಮಾಡಿಕೊಳ್ಳಲು ಅನುವು ಮಾಡಿಕೊಡಬೇಕು. ನನ್ನ ತೀರ್ಮಾನ ಹೀಗಿದೆ. ಸಿ ಲೈಬ್ರರಿಯನ್ನೂ ಸಿಸ್ಟಮಿನ ಉಳಿದ ತಳದ ಲೈಬ್ರರಿಗಳನ್ನೂ ಡೈನಮಿಕ್ ಆಗಿಯೇ ಬಿಡಿ. ನಿಮ್ಮ ಫಲಿತಾಂಶವನ್ನೇ ಬದಲಿಸಬಲ್ಲ ಲೈಬ್ರರಿಗಳನ್ನು, ಅಕ್ಷರ ಜೋಡಣೆಯಂಥವನ್ನು, ಜೊತೆಯಲ್ಲೇ ಒಯ್ಯಿರಿ. ದೋಷ ಬಂದ ದಿನ ಹೊಸ ಆವೃತ್ತಿ ಕೊಡಲು ಜನವಿಲ್ಲದಿದ್ದರೆ ಭದ್ರತೆಗೆ ಸಂಬಂಧಿಸಿದ ಲೈಬ್ರರಿಯನ್ನು ಎಂದಿಗೂ ಒಳಗೆ ಸೇರಿಸಿಕೊಳ್ಳಬೇಡಿ.

ಇನ್ನು ಇದನ್ನೆಲ್ಲ ಕಲಿಸುವ ಮಾತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಠ್ಯಕ್ರಮದಲ್ಲಿ ಹಲವು ವರ್ಷ ‘ಸಿಸ್ಟಮ್ ಸಾಫ್ಟ್‌ವೇರ್’ ಎಂಬ ವಿಷಯವಿತ್ತು. ಲೆಲ್ಯಾಂಡ್ ಬೆಕ್ ಅವರ ಪುಸ್ತಕ ಹಿಡಿದು, ಎಸ್‌ಐಸಿ ಎಂಬ ಕಾಲ್ಪನಿಕ ಯಂತ್ರಕ್ಕೆ ಲಿಂಕರ್, ಲೋಡರ್‌ಗಳನ್ನು ಕಾಗದದ ಮೇಲೆ ನಡೆಸಿ ತೋರಿಸುತ್ತಿದ್ದರು. ಅಡಿಪಾಯ ಒಳ್ಳೆಯದೇ. ಆದರೆ ವಿದ್ಯಾರ್ಥಿಯ ಎದುರಿಗಿರುವ ಯಂತ್ರ ಕಾಲ್ಪನಿಕವಲ್ಲ. ಸಿ ಕಲಿಸುವ ಅಧ್ಯಾಪಕರಲ್ಲಿ ನನ್ನ ವಿನಂತಿ: ಮೊದಲ ಸೆಮಿಸ್ಟರಿನಲ್ಲೇ ಒಂದು ಲ್ಯಾಬ್ ಅವಧಿಯನ್ನು ಇದಕ್ಕೆ ಕೊಡಿ. ಎರಡು ಫೈಲಿನ ಪ್ರೋಗ್ರಾಂ ಬರೆಸಿ, ಕಂಪೈಲ್ ಮತ್ತು ಲಿಂಕ್ ಬೇರೆ ಬೇರೆಯಾಗಿ ಮಾಡಿಸಿ. ಆಬ್ಜೆಕ್ಟ್ ಫೈಲಿನ ಹೆಸರುಗಳನ್ನು ಎನ್‌ಎಂ ಕಮಾಂಡಿನಿಂದ ನೋಡಲು ಹೇಳಿ. ಲಿನಕ್ಸ್‌ನಲ್ಲಿ ಎಲ್‌ಡಿಡಿ, ಮ್ಯಾಕ್‌ನಲ್ಲಿ ಓಟೂಲ್, ವಿಂಡೋಸ್‌ನಲ್ಲಿ ಡಂಪ್‌ಬಿನ್ ಓಡಿಸಿ, ತಾವು ಬರೆದ ಪ್ರೋಗ್ರಾಂ ಯಾವ ಯಾವ ಲೈಬ್ರರಿಗಳನ್ನು ನೆಚ್ಚಿಕೊಂಡಿದೆ ಎಂಬುದನ್ನು ಅವರೇ ಕಂಡುಕೊಳ್ಳಲಿ.